ಬಿಸಿಲೆಗೆ ಒಂದು ಬೆರಳು ದೂರ

ಭೂಗೋಳವನ್ನು ಬಾಯಿಪಾಠದಿಂದ ಬಿಡಿಸಿ, ಹೆಣ್ಣುಮಕ್ಕಳ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು, ಅವರವರ ಊರಿನ ದಾರಿಯನ್ನು ಅವರಿಂದಲೇ ಬರೆಸಿದ ಅಧ್ಯಾಪಕರು ನಮ್ಮ ಸೀಮೆಯಲ್ಲಿ ವಿರಳ. ಅಂಥವರಲ್ಲಿ ಶ್ರೀಮತಿ ನೂರುನ್ನೀಸಾ ಅವರದು ಮೊದಲ ಹೆಸರು. ಸಕಲೇಶಪುರದ ಹೆಣ್ಣುಮಕ್ಕಳ ಶಾಲೆಯಿಂದ ಅವರು ನಿವೃತ್ತರಾಗುತ್ತಿರುವ ಈ ಅರವತ್ತೆಂಟನೆಯ ಇಸವಿಯಲ್ಲಿ ಎಲ್ಲರೂ ಅವರ ವಿದ್ವತ್ತನ್ನು ಹೊಗಳುತ್ತಿದ್ದಾರೆ. ಹೊಗಳಿಕೆಗೆ ಅವರು ಅರ್ಹರೇ. ಆದರೆ ಜೊತೆಯಲ್ಲಿ ಪಾಠ ಮಾಡಿದವರು ಬಲ್ಲಂತೆ, ಅವರ ಸೇವೆಯುದ್ದಕ್ಕೂ ಹರಿದದ್ದು ವಿದ್ವತ್ತಿಗಿಂತ ಮಿಗಿಲಾದ ಒಂದು ಕಳವಳ: ಈ ಮಗು ಸಂಜೆ ಮನೆ ಮುಟ್ಟೀತೇ?

ಸೇವೆಗೆ ಸೇರಿದ ಹೊಸತರಲ್ಲೇ ಅವರು ಯಾವ ಹುಡುಗಿ ಯಾವ ಬಸ್ಸಿಗೆ ಹೋಗಬೇಕೆಂಬುದನ್ನು ತಿಳಿದುಕೊಂಡಿದ್ದರು. ಹಾನುಬಾಳಿನ ಬಸ್ಸಿನ ಹಾರನ್ ಕೇಳಿದರೆ ಹಿಮಾಲಯದ ಪಾಠವೂ ಅರ್ಧಕ್ಕೇ ನಿಲ್ಲುತ್ತಿತ್ತು. ಮೇಜಿನ ಡ್ರಾಯರಿನಲ್ಲಿ ಬಾಚಣಿಗೆ, ಕೊಬ್ಬರಿ ಎಣ್ಣೆ, ಹರಿದ ಚೀಲ ಹೊಲಿಯಲು ಸೂಜಿದಾರ ಇರುತ್ತಿದ್ದವು. ಹಸಿದು ಬಂದ ಮಗುವಿಗೆ ತಮ್ಮ ಬುತ್ತಿ ಕೊಡುವಾಗ, "ಇವತ್ತು ನನಗೆ ಹಸಿವಿಲ್ಲ, ಸುಮ್ಮನೆ ಹಾಳಾಗುತ್ತೆ" ಎಂದು ಸುಳ್ಳು ಹೇಳುತ್ತಿದ್ದರು.

ಅವರಿಗೆ ತುಂಬ ಪ್ರಿಯವಾದ ಪಾಠವೆಂದರೆ ಲಂಡನ್ ನಗರದ ನೆಲದಡಿಯ ರೈಲು. ಊರು ಬಿಟ್ಟು ಹೊರಟ ಎಸ್ಟೇಟಿನ ದೊರೆಸಾನಿಯೊಬ್ಬರು ಕೊಟ್ಟುಹೋದ ಆ ರೈಲಿನ ನಕ್ಷೆ ಅವರ ಬಳಿ ಇತ್ತು. ಮೊದಮೊದಲು ಉಗಿಬಂಡಿಗಳೇ ಸುರಂಗದಲ್ಲಿ ಹೊಗೆಯುಗುಳುತ್ತ ಓಡಿದ್ದು, ವಿದ್ಯುತ್ ಬಂದಮೇಲೆ ಇನ್ನೂ ಆಳಕ್ಕೆ ಕೊಳವೆಯಂತೆ ಕೊರೆದದ್ದು, ಆ ಕೊಳವೆಯೊಳಗೆ ಹಿಡಿಸಲೆಂದು ಬೋಗಿಗಳ ಮಾಡು ದುಂಡಗಾದದ್ದು, ನದಿಯ ಉತ್ತರಕ್ಕೆ ಬಲೆಯಂತೆ ಹರಡಿದ ಹಳಿ ದಕ್ಷಿಣಕ್ಕೆ ಅಲ್ಲೊಂದು ಇಲ್ಲೊಂದು ಎಳೆಯಾದದ್ದು, ಇದನ್ನೆಲ್ಲ ಅವರು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಹಳೆಯ ನಕ್ಷೆಗಳಲ್ಲಿ ಪೇಟೆಯ ನಡುವಿನ ನಿಲ್ದಾಣಗಳು ಇರುವೆಸಾಲಿನಂತೆ ಒತ್ತಿಕೊಂಡು ಓದಲಾಗದೆ ಹೋದಾಗ, ನಕ್ಷೆಗಾರನೊಬ್ಬ ಅಂಕುಡೊಂಕನ್ನೆಲ್ಲ ನೆಟ್ಟಗೆ ಮಾಡಿ, ನಿಲ್ದಾಣಗಳನ್ನು ಹೆಚ್ಚುಕಡಿಮೆ ಸಮದೂರಕ್ಕೆ ಇಟ್ಟು, ದಾರಿಗೊಂದು ಬಣ್ಣ ಕೊಟ್ಟನಂತೆ. ಇನ್ನೂ ಕಟ್ಟುತ್ತಿರುವ ದಾರಿಗೆ ಬಿಡಿಬಿಡಿ ಗೆರೆಯಂತೆ.

ಐವತ್ತೇಳರ ಕಾಫಿ ಕುಯ್ಲಿನ ಕಾಲದಲ್ಲಿ ಅವರು ಅದೇ ಕ್ರಮದಲ್ಲಿ ನಮ್ಮ ತಾಲ್ಲೂಕಿನ ಬಸ್ಸುಗಳ ನಕ್ಷೆ ಬರೆಸಿದರು. ಬೆಳಗೋಡಿನಿಂದ ಸಕಲೇಶಪುರಕ್ಕೆ ಕೆಂಪು ಗೆರೆ. ಅಲ್ಲಿ ಬಸ್ಸು ಬದಲಿಸಿದರೆ ವಣಗೂರಿನವರೆಗೆ ಹಸಿರು. ಅಲ್ಲಿಂದ ಮುಂದೆ ಬಸ್ಸೇ ಇಲ್ಲದ ಬಿಸಿಲೆಗೆ ಬರಿಯ ಚುಕ್ಕೆಗಳು. ಊರಿಂದೂರಿಗೆ ಎಲ್ಲ ಕಡೆಯೂ ಒಂದೊಂದೇ ಬೆರಳು ದೂರ. ಹುಡುಗಿಯರು ಸಂಭ್ರಮದಿಂದ ಮನೆಗೊಯ್ದು ಗೋಡೆಗೆ ಅಂಟಿಸಿದರು.

ವಾರ ಕಳೆದಿರಲಿಲ್ಲ. ಬೆಳಗೋಡಿನ ಗಂಗಾಮಣಿ ಬೆಳಗಿನ ತರಗತಿಗೆ ಕುಣಿಯುತ್ತ ಬಂದಳು.

"ಟೀಚರ್, ನಮ್ಮವ್ವ ನಿಮ್ ನಕ್ಷೆ ನೋಡ್ಕಂಡೇ ಬಿಸಿಲೆಗೆ ಹೊಂಟ್ಬುಟ್ಲು! ಅಲ್ಲಿ ನಮ್ಮಕ್ಕಂಗೆ ದಿನ ತುಂಬೈತೆ. ಭಾವ ಬಂದು ಕರ್ಕಂಡು ಹೋಗ್ಲಿ ಅಂತ ಕಾಯ್ತಿದ್ಲು. ಬೆರಳಿಟ್ಟು ಅಳೆದು, ಸಕಲೇಶಪುರದ ಸಂತೆಗೆ ಹೋಗೋದೂ ಒಂದು ಬೆರಳು, ವಣಗೂರಿಂದ ಬಿಸಿಲೆಗೂ ಒಂದೇ ಬೆರಳು, ಯಾರನ್ಯಾಕೆ ಕಾಯ್ಲಿ ಅಂದ್ಲು."

"ಚುಕ್ಕೆ ಇರುವ ಕಡೆ ಬಸ್ಸಿಲ್ಲ ಅಂತ ಹೇಳಲಿಲ್ವೇನಮ್ಮ?"

"ಹೇಳ್ದೆ. ಸಂತೆಗೆ ಎಷ್ಟು ಸಲ ನಡ್ದಿಲ್ಲ ಅಂದ್ಲು."

ನೂರುನ್ನೀಸಾ ಅವರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಟೇಬಿಟ್ಟರು. ಚುಕ್ಕೆಯ ಆ ಒಂದು ಬೆರಳಿನಲ್ಲಿ ಮುಚ್ಚಿಹೋದದ್ದು ಆನೆಗಳ ಕಾಡು. ಬಸ್ ನಿಲ್ದಾಣಕ್ಕೆ ಓಡಿದರೆ ವಣಗೂರಿನ ಬಸ್ಸು ಹೋಗಿಯಾಗಿತ್ತು. ಜೀಪು ಓಡಿಸುವ ತಮ್ಮ ಯಾಕೂಬ್ ಎಸ್ಟೇಟಿಗೆ ಗೊಬ್ಬರ ಇಳಿಸಲು ಹೋಗಿದ್ದವನು ಮಧ್ಯಾಹ್ನ ಕಳೆದರೂ ಬರಲಿಲ್ಲ. ಅಷ್ಟು ಹೊತ್ತೂ ಅವರು ರಸ್ತೆಯ ಬದಿಯಲ್ಲೇ ನಿಂತಿದ್ದರು.

ಕೊನೆಗೆ ಯಾಕೂಬ್ ಬಂದು, ಇಬ್ಬರೂ ಜೀಪಿನಲ್ಲಿ ವಣಗೂರು ಮುಟ್ಟಿದಾಗ, ಅಲ್ಲಿನ ಚಹದಂಗಡಿಯ ಲಿಂಗಮ್ಮ ಸುದ್ದಿ ಹೇಳಿದಳು. "ಕೋಳಿ ಹಿಡ್ಕಂಡಿದ್ ಹೆಂಗ್ಸಾ? ಆನೆ ಇಳ್ದೈತೆ ಕಣವ್ವ, ಹೋಗ್ಬ್ಯಾಡ ಅಂದೆ. 'ಒಂದೇ ಬೆರಳು ಬಿಡು' ಅಂತ ಹೋಗೇಬುಟ್ಲು. ತಲೆ ಸರಿ ಇಲ್ವೇನೋ ಅಂದ್ಕಂಡೆ."

ಜೀಪು ಕಾಡಿಗೆ ಇಳಿಯಿತು. ಬಿದಿರು ಮುರಿದುಬಿದ್ದಿತ್ತು, ದಾರಿಯ ನಡುವೆ ಹಸಿ ಲದ್ದಿ. ಇನ್ನೂ ಮುಂದೆ ಮಣ್ಣಿನ ಮೇಲೆ ಕೋಳಿಯ ಪುಕ್ಕಗಳು ಚೆಲ್ಲಿದ್ದವು. "ನೋಡಬೇಡಿ ಆಪಾ" ಎಂದ ಯಾಕೂಬ್. ಅವರು ಆಗಲೇ ನೋಡಿದ್ದರು. ಬಿಸಿಲು ಮರದ ತುದಿಗೇರುತ್ತಿತ್ತು. ಪ್ರಾರ್ಥನೆಯ ದುಆಗಳಲ್ಲಿ ಅವರಿಗೆ ಬಾರದ್ದು ಇರಲಿಲ್ಲ, ಆ ಹೊತ್ತಿನಲ್ಲಿ ನೆನಪಿಗೆ ಬಂದದ್ದು ಒಂದೂ ಇರಲಿಲ್ಲ.

ತಿರುವಿನಾಚೆಯ ಮೋರಿಯ ಮೇಲೆ ಗಂಗಾಮಣಿಯ ತಾಯಿ ಬೆಟ್ಟಮ್ಮ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬಾಣಂತಿ ಖಾರದ ಗಂಟು, ಕಂಕುಳಲ್ಲಿ ಅರ್ಧ ಬೋಳಾದ ಕೋಳಿ.

"ಏನ್ ಟೀಚರಮ್ಮ, ನಿಮ್ ಬೆರಳು ಭಾರಿ ಉದ್ದ ಕಣ್ರೀ! ಆನೆ ಕಂಡು ನಾನು ಪೊದೆ ಸೇರ್ಕಂಡ್ರೆ, ಇದು ಕೂಗೋಕೆ ಶುರು ಮಾಡ್ತು. ಕೊಕ್ಕು ಅಮುಕಿ ಹಿಡ್ದೆ, ಒದ್ದಾಡಿ ಪುಕ್ಕ ಎಲ್ಲ ಉದುರಿಸ್ಕಂತು."

ನೂರುನ್ನೀಸಾ ಅವರು ಆ ಊದಿದ ಪಾದಗಳನ್ನು ಹಿಡಿದುಕೊಂಡರು. "ತಪ್ಪು ನಂದು ಬೆಟ್ಟಮ್ಮ."

"ಅಯ್ಯೋ ಬುಡಿ. ಮಗಳ ಮಖ ತೋರ್ಸಿ ಮೊದ್ಲು."

ದೀಪ ಹಚ್ಚುವ ಹೊತ್ತಿಗೆ ಜೀಪು ಬಿಸಿಲೆ ಮುಟ್ಟಿತು. ಮಗಳಿಗೆ ನೋವು ಆರಂಭವಾಗಿತ್ತು. ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇರಲಿಲ್ಲ. ಬೆಟ್ಟಮ್ಮ ಸೆರಗು ಸಿಕ್ಕಿಸಿ ಒಳಗೆ ಹೋದರು. ಟೀಚರಮ್ಮ ನೀರು ಕಾಯಿಸಿದರು. ಹೆಣ್ಣು ಮಗು ಹುಟ್ಟಿತು.

ಹಿಂದಿರುಗಿದ ಮೇಲೆ ಅವರು ತರಗತಿಯ ಮುಂದೆ ನಿಂತು ಹೇಳಿದ ಮಾತನ್ನು ಪಕ್ಕದ ಕೋಣೆಯಲ್ಲಿದ್ದವರೂ ಮರೆತಿಲ್ಲ: "ಲಂಡನ್ನಿನಲ್ಲಿ ರೈಲು ಹತ್ತಿದವರು ಕೂತೇ ಇರುತ್ತಾರೆ, ಅವರ ಕಾಲಿಗೆ ದೂರ ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಗೆರೆ ಮುಗಿದ ಕಡೆ ಕಾಲು ಶುರುವಾಗುತ್ತದೆ. ನಾನು ಅದನ್ನು ಬರೆಯಲಿಲ್ಲ." ಅಂದಿನಿಂದ ಅವರ ನಕ್ಷೆಯ ಪ್ರತಿ ಚುಕ್ಕೆಸಾಲಿನ ಕೆಳಗೂ ನಡೆಯಲು ಹಿಡಿಯುವ ಹೊತ್ತು, ಹೊಳೆ ದಾಟುವ ತಾವು, ಆನೆ ಇಳಿಯುವ ಕಾಲ, ಕುಡಿಯಲು ನೀರು ಕೊಡುವ ಮನೆ, ಎಲ್ಲವೂ ಬಂದವು. ಓದು ಬಾರದವರಿಗೆಂದು ಆನೆಯ ಚಿತ್ರವನ್ನೂ ಬರೆಸಿದರು. ಅದಕ್ಕಾಗಿ ಹುಡುಗಿಯರು ಹಳ್ಳಿಹಳ್ಳಿಯಲ್ಲಿ ಅಜ್ಜಿಯರನ್ನು ಕೇಳಿ ಬಂದರು. ನಮ್ಮ ಬೆಟ್ಟಗಳ ಭೂಗೋಳ ಹಾಗೆ ಬರೆಯಲ್ಪಟ್ಟಿತು.

ಅಂದು ಬಿಸಿಲೆಯಲ್ಲಿ ಹುಟ್ಟಿದ ಮಗು ಇಂದು ಅಜ್ಜಿಯ ಮನೆಯಲ್ಲಿದ್ದು ಅವರ ತರಗತಿಯಲ್ಲೇ ಓದುತ್ತಿದೆ. ಸನ್ಮಾನದ ದಿನಕ್ಕೆ ಕೋಳಿ ತರುವುದಾಗಿ ಬೆಟ್ಟಮ್ಮ ಹೇಳಿಕಳಿಸಿದ್ದಾರೆ. ಎಲ್ಲರೂ ಹಾರಗಳ ಮಾತಾಡುತ್ತಿದ್ದರೆ, ನೂರುನ್ನೀಸಾ ಅವರು ಮಾತ್ರ ಮೊನ್ನೆ ಕಿಟಕಿಯ ಬಳಿ ನಿಂತು ಕೇಳಿದರು: "ಇನ್ನು ಮುಂದೆ ಹಾನುಬಾಳಿನ ಮಕ್ಕಳನ್ನು ಬಸ್ಸು ಹತ್ತಿಸುವವರು ಯಾರು?"

ಘಟ್ಟದಲ್ಲಿ ಈಗ ರೈಲಿಗಾಗಿ ಸುರಂಗ ಕೊರೆಯುತ್ತಿದ್ದಾರೆ. ನೆಲದಡಿಯ ರೈಲನ್ನು ಕಾಣದೆಯೇ ಕಾಣಿಸಿದ ಈ ತಾಯಿ ಆ ಸುರಂಗಗಳಲ್ಲಿ ಕೂತು ಹೋಗುವಂತಾಗಲಿ. ಹೊಸ ನಕ್ಷೆ ಬರೆಯಲು ಅವರ ಕೈಗೆ ಬಲವಿರಲಿ. ಅವರು ಇಟ್ಟ ಚುಕ್ಕೆಗಳೆಲ್ಲ ಗೆರೆಯಾಗುವವರೆಗೆ, ಕೊನೆಯ ಊರಿನ ಕೊನೆಯ ಮಗುವೂ ಹೊತ್ತಿರುವಾಗಲೇ ಮನೆ ಸೇರಿತೆಂದು ಅವರು ನಿಶ್ಚಿಂತೆಯಿಂದ ಕಿಟಕಿ ಮುಚ್ಚುವವರೆಗೆ, ಭಗವಂತ ಅವರಿಗೆ ಆಯುಸ್ಸು ಕೊಡಲಿ.