ಗುಹೆಯ ಬುತ್ತಿ

ಮೀನಂಗಡಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಜೈನರ ಮನೆಯ ಅಮ್ಮನಿಗೆ ಬುತ್ತಿ ಕಟ್ಟುವುದರಲ್ಲಿ ಒಂದು ಹಟವಿತ್ತು. ತಿರುವಾಂಕೂರಿನಿಂದ ಹೊಸದಾಗಿ ಬಂದು ನೆಲೆಸಿದವರೊಡನೆ ನಾವೂ ಕರಿಮೆಣಸಿನ ಬಳ್ಳಿಗೆ ಬಾವಲಿ ಗೊಬ್ಬರ ತರಲು ಗುಡ್ಡದ ಗುಹೆಗೆ ಹೋಗುತ್ತಿದ್ದೆವು. ಹೋಗುವವರು ಯಾರೇ ಇರಲಿ, ಅಮ್ಮ ಕಟ್ಟಿದ ಬಾಳೆಲೆಯ ಪೊಟ್ಟಣ ಕೈಗೆ ಬರುತ್ತಿತ್ತು. ಒಳಗೆ ಹುರಿದ ಅವಲಕ್ಕಿ, ಹುರುಳಿ, ಉಪ್ಪು ಸವರಿದ ಕೊಬ್ಬರಿ ಚೂರು. ತುಪ್ಪವಿಲ್ಲ. ನಮಗೆ ಬೆಲ್ಲದ ಆಸೆ, ಅಮ್ಮ ಕೇಳುವವರಲ್ಲ.

"ಸಿಹಿಗೆ ಇರುವೆ ಬರ್ತವೆ. ನಿಮ್ಮ ಬಾಯಿಗೋ ಕಾಲಡಿಗೋ ಸಿಕ್ಕಿ ಸಾಯ್ತವೆ. ಕತ್ತಲಲ್ಲಿ ಕಾಣೋದಿಲ್ಲಲ್ಲ," ಎನ್ನುತ್ತ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಿದ್ದರು. ಅದೇ ಕಾರಣಕ್ಕೆ ಹೊತ್ತು ಮುಳುಗಿದ ಮೇಲೆ ಅವರು ಏನನ್ನೂ ತಿನ್ನುತ್ತಿರಲಿಲ್ಲ.

ಒಂದು ದಿನ ಗುಹೆಯೊಳಗೆ ತಿರುವಾಂಕೂರಿನ ಹೊಸಬನೊಬ್ಬನ ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಸುದ್ದಿ ಕೇಳಿದ ಅಮ್ಮ ಒಲೆಯ ಮೇಲಿನ ಅನ್ನ ಬಿಟ್ಟು ಗುಡ್ಡ ಹತ್ತಿ ಬಂದರು. ಮಡಿಲಲ್ಲಿ ಪೊಟ್ಟಣವಿಟ್ಟುಕೊಂಡು ಗುಹೆಯ ಬಾಯಲ್ಲೇ ಕೂತರು. ನಾವು ಕಲ್ಲು ಒಡೆದು ಅವನನ್ನು ಹೊರಗೆ ತರುವಾಗ ಬೆಳಕು ಹೋಗಿತ್ತು.

ಬೆಳಗಿನಿಂದ ಅವನ ಹೊಟ್ಟೆಗೂ ಅಮ್ಮನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅಮ್ಮ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದರು.

"ಚೇಚಿ ತಿಂದ್ರಾ?" ಎಂದು ಅವನು ಅಮ್ಮನನ್ನು ತನ್ನ ಮಲಯಾಳದಲ್ಲಿ ಅಕ್ಕ ಎಂದು ಕರೆದು ಕೇಳಿದ.

"ನಂದು ಬಿಡು, ಹೊತ್ತು ಮುಳುಗ್ತು. ನೀ ತಿನ್ನು ಮಾರಾಯ."

ಅವನು ಎಲೆ ಮಡಿಚಿ, ಬಾಳೆನಾರಿನ ಗಂಟು ಹಾಕಿ, ಇನ್ನೊಮ್ಮೆ ಬಿಗಿದ.

"ವೇಂಡ ಚೇಚಿ, ಬೇಡ. ಕತ್ತಲಲ್ಲಿ ಕಾಣೋದಿಲ್ಲಲ್ಲ. ಬೆಳಿಗ್ಗೆ ಕೂಡಿ ತಿನ್ನುವ."

ಮರುದಿನ ಹೊತ್ತು ಮೂಡುವ ಮುಂಚೆಯೇ ಅವನು ಕುಂಟುತ್ತ ಬಂದು ಅಮ್ಮನ ಜಗಲಿಯಲ್ಲಿ ಕೂತಿದ್ದ. ಬಿಚ್ಚದ ಪೊಟ್ಟಣ ಅವನ ಮಡಿಲಲ್ಲಿತ್ತು.