ಪ್ರತಿ ಸಲ ಅದೇ ಡಾಕ್ಟರ್ ಬರ್ತಾರೇನು?

"ಶೋಭಾ ಅಲ್ಲೇನವ್ವಾ? ಥೇಟ್ ನಿಮ್ಮವ್ವನ ಮಾರಿ. ಉಬ್ಬಸ ಹೆಂಗೈತಿ ಈಗ?"

ದಾಂಡೇಲಿಯ ಹೊಸ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯಿಂದ ಬಂದ ದನಿಗೆ ಬೆಚ್ಚಿ ತಿರುಗಿದೆ. ಮುಖ ಸೊರಗಿದ್ದರೂ ಗುರುತು ಸಿಕ್ಕಿತು. ನಾನು ಅಂಬಿಕಾನಗರದಲ್ಲಿ ಬೆಳೆಯುವಾಗ ನಮ್ಮ ಮನೆಗೆ ಬರುತ್ತಿದ್ದ ಡಾಕ್ಟರು! ಅವರ ಸ್ಕೂಟರಿನ ಸದ್ದು ಕೇಳಿದರೇ ನನ್ನ ಉಸಿರು ಅರ್ಧ ಹಗುರಾಗುತ್ತಿತ್ತು. ತಣ್ಣಗಿನ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ನನ್ನ ಎದೆಗೆ ಇಡುತ್ತಿದ್ದರು. ಈಗ ತಮ್ಮ ಮೊಣಕಾಲು ತೋರಿಸಲು ಬಂದು ಕೂತಿದ್ದರು.

ನಾನು ಹೋಗಿದ್ದು ಹಾಸಿಗೆ ಹಿಡಿದ ಅತ್ತೆಯವರ ಸಲುವಾಗಿ. ವರ್ಷದ ದುಡ್ಡು ಮೊದಲೇ ಕಟ್ಟಿದರೆ ಡಾಕ್ಟರು ಮನೆಗೇ ಬರುವ ವ್ಯವಸ್ಥೆ ಅಲ್ಲಿತ್ತು. ಕಟ್ಟಲೋ ಬೇಡವೋ ಎಂದು ಪಕ್ಕದಲ್ಲಿದ್ದ ನಮ್ಮ ಹಳೆಯ ಡಾಕ್ಟರನ್ನೇ ಕೇಳಿದೆ.

"ಕಟ್ಟವ್ವಾ. ಆದ್ರ ಪ್ರತಿ ಸಲ ಅದೇ ಡಾಕ್ಟರ್ ಬರ್ತಾರೇನು ಅಂತ ಮೊದಲ ಕೇಳು," ಎಂದರು.

ಕೌಂಟರಿನಲ್ಲಿ ವಿಚಾರಿಸಿದರೆ, ಆ ದಿನ ಯಾರ ಪಾಳಿಯೋ ಅವರು ಬರುತ್ತಾರೆ ಎಂದರು. ನಾನು ಕಟ್ಟದೆ ಮನೆಗೆ ಬಂದೆ. ನಮ್ಮ ಓಣಿಯ ಹತ್ತಿರವೇ ಒಬ್ಬರೇ ದವಾಖಾನೆ ನಡೆಸುವ ಡಾಕ್ಟರಮ್ಮ ಇದ್ದಾರೆ. ಕೇಳಿಕೊಂಡಾಗ, ತಿಂಗಳಿಗೊಮ್ಮೆ ತಾವೇ ಬಂದು ನೋಡಲು ಒಪ್ಪಿದರು. ಅವರಿಗೇ ಫೀಸು ಕೊಡುತ್ತಿದ್ದೇವೆ.

ಮೊನ್ನೆ ಅವರು ಅತ್ತೆಯ ಮಂಚದ ಅಂಚಿಗೆ ಕೂತು ಬಹಳ ಹೊತ್ತು ಮಾತು ಕೇಳಿದರು. ಅವರು ಹೋದ ಮೇಲೆ ಅತ್ತೆ ನನ್ನನ್ನು ಕರೆದು, "ಅರ್ಧಾ ಮಾತು ಮುಂದಿನ ಸಲಕ್ಕ ಇಟ್ಕೊಂಡೇನಿ," ಎಂದು ನಕ್ಕರು. ಅತ್ತೆ ಮುಂದಿನ ತಿಂಗಳ ಬಗ್ಗೆ ಮಾತಾಡಿ ಎಷ್ಟೋ ದಿನವಾಗಿತ್ತು.