ಸಾಬವ್ವ ಅಂಗಳದ ತುಂಬ ಬರದದ್ದು

ಸಾಬವ್ವ ಅಂದ್ರ ನಮ್ಮ ನೆಗೆಣ್ಣಿ, ಗಂಡನ ಅಣ್ಣನ ಹೇಣ್ತಿ, ನನಗಿಂತ ದೊಡ್ಡಾಕಿ. ಈ ಮಾತು ಆಕೀ ಬಾಯಿಲೇ ಹತ್ತು ಸಲ ಕೇಳೇನಿ, ಹತ್ತೂ ಸಲ ಮೈಮ್ಯಾಲಿನ ಕೂದಲ ಎದ್ದು ನಿಂತಾವ.

ಆಳಂದ ಕಡೀದೊಂದು ಹಳ್ಳಿ. ರಜಾಕಾರ್ರ ಗದ್ದಲ ಮುಗ್ದು, ನಿಜಾಮನ ರಾಜ್ಯ ಹೋಗಿ ಎರಡು ತಿಂಗಳಾಗಿತ್ತು. ಅಲ್ಲೀತನಕ ಸಾಲ್ಯಾಗ ಉರ್ದೂದೇ ಜೋರು, ಈಗ ಕನ್ನಡ ಬಂತು. ಸಾಲಿ ಅಂದ್ರೇನು, ಊರ ಚಾವಡಿ. ಊರ ಹುಡುಗ್ರು ಒಳಗ ಚಾಪಿ ಮ್ಯಾಲ ಕುಂಡರ್ತಿದ್ರು. ಕೆಳಗೇರಿ ಸಾಬವ್ವ ಹೊಸ್ತಿಲ ಹೊರಗ, ಬರೀ ನೆಲದ ಮ್ಯಾಲ. ಹತ್ತು ವರ್ಷದಾಕಿ. ಆ ಕೇರೀಲಿಂದ ಸಾಲಿಗೆ ಬರಾಕಿ ಆಕಿ ಒಬ್ಬಾಕೇ.

ಅಪ್ಪ ಇರಲಿಲ್ಲ. ಅವ್ವ ಅಂಬುಬಾಯಿ ಹೊಲದ ಕೂಲಿ ಮಾಡಾಕಿ, ಆಳಂದ ಸಂತಿಗೆ ಕಟಗಿ ಹೊರಾಕಿ. ಸಂತ್ಯಾಗ ಹುಸೇನಬೀ ಅಂತ ಬಳಿ ಮಾರಾಕಿ ಇದ್ದಳು. ಏನ್ ಬಳಿ ಅಂತೀರಿ, ನನ್ನ ಮದಿವ್ಯಾಗೂ ಆಕೀ ಕಡಿಂದನೇ ತಂದಿದ್ರು, ಹಸರು ಅಂದ್ರ ಹಸರು! ಇರಲಿ. ಆ ಹುಸೇನಬೀ ತನ್ನ ಮಗಂದು ಮೂಲಿ ಮುರದ ಪಾಟಿ ತಂದು, “ತಗೋ ಬೇ ಅಂಬು, ನಿನ್ನ ಮಗಳು ಬರೀಲಿ” ಅಂತ ಕೊಟ್ಟಳು.

ವ್ಯಂಕಟೇಶ ಮಾಸ್ತರು ಹೊಡೆಯೋರಲ್ಲ, ಬಡಿಯೋರಲ್ಲ. ಆದ್ರ ಆಕೀ ಪಾಟಿ ಮುಟ್ತಿರಲಿಲ್ಲ. ಕುರ್ಚಿ ಮ್ಯಾಲಿಂದನೇ “ಪಾಟಿ ಎತ್ತು ಬೇ ಸಾಬಿ” ಅನ್ನೋರು. ಆಕಿ ಪಾಟಿ ತಲಿ ಮ್ಯಾಲೆತ್ತಿ ಹಿಡಿಯಾಕಿ. ಕಾಣಲಿಲ್ಲಂದ್ರ, “ಇನ್ನೂ ದೊಡ್ಡದು ಬರಿ.” ಹಿಂಗ ಬರ್ದು ಬರ್ದು ಆಕೀ ಅಕ್ಷರ ಅಂಗೈ ಅಷ್ಟಷ್ಟು ಆದವು.

“ಏನ್ ಬೇ, ಅಕ್ಷರ ಬರೀತೀಯೋ, ರೊಟ್ಟಿ ಬಡೀತೀಯೋ?” ಅಂತಿದ್ದ ಕುಲಕರ್ಣ್ಯಾರ ಪ್ರಹ್ಲಾದ.

“ರೊಟ್ಟಿ ಆಗಿದ್ರ ಇಷ್ಟೊತ್ತಿಗೆ ತಿಂದು ಮುಗಿಸ್ತಿದ್ದೆ” ಅಂತಿದ್ದಳು ಈಕಿ. ಬಾಯಿ ಮಾತ್ರ ಸಣ್ಣದಲ್ಲ, ಹಾಂ!

ವರ್ಷ ತುಂಬೂದ್ರಾಗ ಕಲಬುರ್ಗಿಯಿಂದ ಸಾಹೇಬ್ರು ಪರೀಕ್ಷಾ ತಗೊಳ್ಳಾಕ ಬರ್ತಾರಂತ ಸುದ್ದಿ ಬಂತು. ಅವತ್ತ ಮುಂಜಾನಿ ಅಂಬುಬಾಯಿ ಮಗಳಿಗೆ ತಲಿ ಬಾಚಿ, “ಪಾಸಾದಿ ಸಾಲಿ. ನಪಾಸಾದಿ, ನಾಳಿಂದ ನನ್ನ ಕೂಡ ಹೊಲಕ್ಕ ಬಾ. ನನ್ನೊಬ್ಬಾಕಿ ನಡಾ ಎಷ್ಟಂತ ದುಡೀತದ ಬೇ?” ಅಂದಳು. ಅವ್ವನ ಬಗ್ಗಿದ ನಡಾ ಸಾಬವ್ವಗೂ ಕಾಣತಿತ್ತು.

ಸಾಹೇಬ್ರು ಒಳಗ ಕುರ್ಚಿ ಮ್ಯಾಲ ಕುಂತು ಪುಸ್ತಕ ಹಿಡಿದು ಓದಾಕತ್ರು, ಹುಡುಗ್ರು ಬರ್ಯಾಕತ್ರು. “ಮುಂಜಾನೆ ಸೂರ್ಯನು ಮೂಡುತ್ತಾನೆ...” ಸಾಬವ್ವನ ಪಾಟಿ ಆ ಮೂರೇ ಮಾತಿಗೆ ತುಂಬಿಹೋತು! ಒರಸಿದ್ರ ಬರದದ್ದು ಹೋಗ್ತದ. ಸಣ್ಣದು ಬರೀಬೇಕಂದ್ರ ಕೈಗೆ ಗೊತ್ತೇ ಇಲ್ಲ. ಸಾಹೇಬ್ರು ನಿಂದರವಲ್ರು, ಮುಂದ “ಹಕ್ಕಿಗಳು...” ಅಂದೇಬಿಟ್ರು.

ಸಾಬವ್ವ ಪಾಟಿ ಹೊಸ್ತಿಲದ ಮುಂದ ಇಟ್ಟಳು, ಅಂಗಳದ ಧೂಳಾಗ ಬೆರಳ ಊರಿದಳು. ಕುಕ್ಕರಗಾಲಲೆ ಕುಂತು ಬದಿಗೆ ಸರಕೋತ, ಬರಕೋತ ಹೊಂಟಳು. ಕಿವಿ ಚಾವಡಿ ಕಡೆ, ಬೆರಳ ಮಣ್ಣಾಗ. ದೂರ ಹೋದಂಗ ಸಾಹೇಬ್ರ ದನಿ ಸಣ್ಣಾತು. ಉಸಿರು ಬಿಗಿಹಿಡಿದು ಕೇಳಿದಳು. ಸಾಹೇಬ್ರು ಪುಸ್ತಕ ಮುಚ್ಚೂದ್ರಾಗ ಬೇವಿನ ಗಿಡದ ಬುಡಕ್ಕ ಬಂದಿದ್ದಳು.

ಸಾಹೇಬ್ರು ಎಲ್ಲಾರ ಪಾಟಿ ನೋಡಿ ಹೊಸ್ತಿಲಕ ಬಂದ್ರು. “ಇದ್ಯಾರದು? ಮೂರೇ ಮಾತದಾವಲ್ಲ?”

“ಹೊರಗಿನ ಹುಡುಗೀದರಿ” ಅಂದ್ರು ಮಾಸ್ತರು.

ಸಾಹೇಬ್ರು ಬಗ್ಗಿ ಪಾಟಿ ಕೈಯಾಗೇ ತಗೊಂಡ್ರು. ಸಾಬವ್ವ ಗಿಡದ ಬುಡದಿಂದ ಕಣ್ಣು ಮಿಟಕಿಸದೇ ನೋಡಿದಳು. ತನ್ನ ಪಾಟಿ, ಇನ್ನೊಬ್ಬರ ಕೈಯಾಗ!

“ಉಳದದ್ದೆಲ್ಲಿ?”

“ಇಲ್ಲಿ ಅದರಿ ಸಾಹೇಬ್ರ” ಅಂತ ಗಿಡದ ಕಡಿಂದ ದನಿ ಬಂತು.

ಸಾಹೇಬ್ರು ಅಂಗಳಕ್ಕಿಳದ್ರು. ಒಂದೊಂದೇ ಅಕ್ಷರ ದೊಡ್ಡ ದನೀಲೆ ಓದಕೋತ ಬದಿಗುಂಟ ನಡದ್ರು. ಹಿಂದ ಮಾಸ್ತರು, ಅವರ ಹಿಂದ ಹುಡುಗ್ರ ದಂಡು, ಅಕ್ಷರ ತುಳದೇವಂತ ಜಿಗದಾಡಕೋತ. ಗದ್ದಲದಾಗ ಪ್ರಹ್ಲಾದನ ಹಿಮ್ಮಡ ಹಕ್ಕಿಯ ‘ಹ’ದ ಮ್ಯಾಲ ಬಿತ್ತು. ಪುಸ್ತಕಕ್ಕ ಕಾಲು ತಾಗಿದ್ರ ನಾವು ಮಾಡ್ತೇವಲ್ಲ, ಹಂಗೇ ಆ ಹುಡುಗ ಚಟ್ಟನ ಬಗ್ಗಿ ಆ ಅಕ್ಷರ ಮುಟ್ಟಿದ, ಎರಡೂ ಕಣ್ಣಿಗೆ ಒತ್ತಿಗೊಂಡ.

ಯಾರೂ ನಗಲಿಲ್ಲ. ಸಾಬವ್ವ ಅದನ್ನ ನೋಡಿದಳು. ತನ್ನ ನೆಳ್ಳು ಬಿದ್ರ ಮೈ ತೊಳಕೊಳ್ಳೋ ಹುಡುಗ, ತಾ ಬರದದ್ದಕ್ಕ ನಮಸ್ಕಾರ ಮಾಡ್ಯಾನ! ಬೆರಳ ಎತ್ತಿ ನೋಡಕೊಂಡಳು. ಅದೇ ಬೆರಳು. ಉಗುರಿನ್ಯಾಗ ಮಣ್ಣಿತ್ತು.

ಸಾಹೇಬ್ರು ಗಿಡದ ತನಕ ಓದಿದ್ರು. “ಒಂದೇ ತಪ್ಪು. ಪಾಸು” ಅಂದು ಹೊಳ್ಳಿ ಮಾಸ್ತರನ್ನ ಕೇಳಿದ್ರು, “ಇಷ್ಟು ದೊಡ್ಡದು ಯಾಕ ಬರೀತಾಳ್ರಿ ಈ ಹುಡುಗಿ?”

“ನಾ ಕುರ್ಚಿ ಮ್ಯಾಲಿಂದನೇ ನೋಡ್ತೇನ್ರಿ” ಅಂತ ಮಾಸ್ತರು ತಲಿ ಬಗ್ಗಿಸಿದ್ರು. ನೆಲದಾಗೂ ಅವೇ ಅಕ್ಷರ.

“ನಾಳಿಂದ ಈಕಿ ಪಾಟಿ ಕೈಯಾಗ ತಗೊಂಡು ತಿದ್ರಿ” ಅಂದ್ರು ಸಾಹೇಬ್ರು.

“ಹೌದ್ರಿ” ಅಂದ್ರು ಮಾಸ್ತರು.

ಇಳಿಹೊತ್ತಿಗೆ ಅಂಬುಬಾಯಿ ಹೊಲದಿಂದ ಸೀದಾ ಚಾವಡಿಗೆ ಬಂದಳು. ಸಾಲಿ ಬಿಟ್ಟಿತ್ತು, ಸಾಬವ್ವ ಅಲ್ಲೇ ಕಾಯ್ತಿದ್ದಳು. ಅಂಗಳದ ಆ ತುದೀಲಿಂದ ಈ ತುದೀತನಕ ನೋಡಿದಳು.

“ಇಷ್ಟೂ ನೀನೇ ಬರ್ದೀ?”

“ಹೂನವ್ವ.”

ಅಂಬುಬಾಯಿ ಅಂಚು ಅಕ್ಷರಕ್ಕ ತಾಗಬಾರ್ದಂತ ಸೀರಿ ಮೊಳಕಾಲಿಗೆ ಎತ್ತಿ ಕಟಗೊಂಡಳು. ಒಂದಕ್ಷರ ಓದಾಕ ಬರದಿದ್ರೂ ಪೂರಾ ಸಾಲಿನಗುಂಟ ಮೆಲ್ಲಗ ನಡದಳು. ಬೇವಿನ ಗಿಡದ ಬುಡಕ್ಕ ನಿಂತು, “ನಾಳಿ ಹೊಲಕ್ಕ ನಾ ಒಬ್ಬಾಕೇ ಹೋಗ್ತೇನಿ” ಅಂದಳು.